ಹೋರಿ ಕ್ಯಾನಿನಲ್ಲಿ ಕಜ್ಜಿ ಹುಳ

ಕಜ್ಜಿಯ ಹುಳ ಬರಿಗಣ್ಣಿಗೆ ಕಾಣುವುದಿಲ್ಲ ಎಂದು ಯೋಜನೆಯ ಮುಖ್ಯಸ್ಥರು ಮೊದಲ ದಿನವೇ ಹೇಳಿದರು. ಬೋರ್ಡಿನ ಮೇಲೆ ಬರೆದೂ ತೋರಿಸಿದರು. ಕಾಣುತ್ತದೆ. ಎಳ್ಳಿನ ಮೂತಿಯನ್ನು ಉಗುರಿನಲ್ಲಿ ಚಿವುಟಿ ಇಟ್ಟರೆ ಎಷ್ಟಿರುತ್ತದೋ ಅಷ್ಟು, ಮಾಸಿದ ಮುತ್ತಿನ ಬಣ್ಣ. ಮೂವತ್ತು ವರ್ಷ ಅಕ್ಕಿಯಲ್ಲಿ ನುಸಿ ಆರಿಸಿದ ಕಣ್ಣು ನನ್ನದು. ಅವರದು ಕಂಪ್ಯೂಟರ್ ನೋಡಿ ನೋಡಿ ಮಂಜಾದ ಕಣ್ಣು. ಅಷ್ಟರ ಮಟ್ಟಿಗೆ ದೇವರು ನನ್ನ ಕಡೆ ಇದ್ದಾನೆ ಎಂದುಕೊಂಡೆ.

ಅವರಿಗೆ ಬೇಕಾಗಿದ್ದದ್ದು ಒಬ್ಬ ಮನೆವಂತ ಹೆಂಗಸು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಒಳಮನೆಯವರೆಗೆ ಹೋಗಬೇಕು, ಕನ್ನಡದವರ ಹತ್ತಿರ ಕನ್ನಡ ತೆಲುಗಿನವರ ಹತ್ತಿರ ತೆಲುಗು ಆಡಬೇಕು, ಹೆಂಗಸರು ಸೆರಗು ಸರಿಸಿ ಮೈ ತೋರಿಸುವಷ್ಟು ನಂಬಬೇಕು. ಮುಳಬಾಗಿಲಿನ ನಮ್ಮ ಬೀದಿಯ ನರ್ಸಮ್ಮ ನನ್ನ ಹೆಸರು ಹೇಳಿದರು. ನಮ್ಮ ಯಜಮಾನರು, "ಊರಿನವರ ಕಜ್ಜಿ ಕೆರೆಯೋದಕ್ಕೆ ನೀನೇ ಆಗ್ಬೇಕಿತ್ತಾ?" ಎಂದರು. ಬೆಳಗಿನ ಪೂಜೆ ಮುಗಿಸಿ, ಅಡುಗೆ ಮಾಡಿಟ್ಟು ಹೋಗುವುದಾದರೆ ಅವರಿಗೇನು ನಷ್ಟ? ಹೊರಟೆ.

ಈ ಭಾಗದಲ್ಲಿ ಮುಲಾಮು ಹಚ್ಚಿದರೂ ಕಜ್ಜಿ ಹೋಗುತ್ತಿಲ್ಲ, ಹುಳಕ್ಕೆ ಮುಲಾಮು ಒಗ್ಗಿಹೋಗಿದೆಯೋ ಏನೋ, ಅದರ ಜೀನೋಮ್ ಓದಿದರೆ ತಿಳಿಯುತ್ತದೆ ಎಂಬುದು ಯೋಜನೆ. ಜೀನೋಮ್ ಎಂದರೇನು ಎಂದು ಮುಖ್ಯಸ್ಥರನ್ನು ಕೇಳಿದ್ದಕ್ಕೆ, ನಿಮಗೆ ಅದು ಬೇಡ ಎಂದರು. ಜೊತೆಯಲ್ಲಿದ್ದ ಸಂಶೋಧಕಿ, ಒಂದು ಮಗುವಿನ ತಾಯಿ, ಜೀಪಿನಲ್ಲಿ ಹೋಗುವಾಗ ಬಿಡಿಸಿ ಹೇಳಿದಳು. ಹುಳಕ್ಕೆ ಎಷ್ಟು ಕಾಲು, ಅದು ಯಾವ ವಿಷಕ್ಕೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ ಎಂಬುದೆಲ್ಲ ಅದರ ಮೈಯೊಳಗೇ ಬರೆದಿಟ್ಟಿರುವ ಉದ್ದನೆಯ ಬರಹ ಅದು. ಇಷ್ಟು ಹೇಳಲು ಆಕೆಗೆ ಹಿಡಿದದ್ದು ಎರಡು ಮೈಲಿ ದಾರಿ.

ಕೆಲಸ ಹೀಗೆ. ಬೆರಳ ಸಂದಿಗೆ, ಮಣಿಕಟ್ಟಿಗೆ ಪೆನ್ನಿನ ಇಂಕು ಸವರಿ, ಸ್ಪಿರಿಟ್ಟಿನ ಹತ್ತಿಯಿಂದ ಒರೆಸಬೇಕು. ಚರ್ಮದ ಮೇಲಿನ ಇಂಕು ಹೋಗಿ, ಹುಳ ತೋಡಿದ ಬಿಲದೊಳಗೆ ಇಳಿದದ್ದು ಮಾತ್ರ ಸೊಟ್ಟ ಗೆರೆಯಾಗಿ ಉಳಿಯುತ್ತದೆ. ಗೆರೆಯ ಒಂದು ತುದಿಯಲ್ಲಿ ಹೆಣ್ಣು ಹುಳ ಇರುತ್ತದೆ. ಸೂಜಿಯನ್ನು ಮಲಗಿಸಿದ ಹಾಗೆ ಹಿಡಿದು ಆ ತುದಿಯ ತೊಗಲನ್ನು ಬಿಡಿಸಿದರೆ, ಹುಳ ತಾನೇ ಸೂಜಿಯನ್ನು ಕಚ್ಚಿಕೊಂಡು ಬರುತ್ತದೆ. ರಕ್ತ ಬರಬಾರದು. ಬಂದರೆ ಮನುಷ್ಯರ ಬರಹವೂ ಹುಳದ ಬರಹವೂ ಕಲಸಿಹೋಗುತ್ತದೆ. ಹೂಬತ್ತಿ ಹೊಸೆದ ಬೆರಳಿಗೆ ಇದು ಕಷ್ಟವಲ್ಲ. ಮೂರನೆಯ ದಿನಕ್ಕೆ ಸಂಶೋಧಕಿ ಸೂಜಿಯನ್ನು ನನ್ನ ಕೈಗೆ ಕೊಟ್ಟು ತಾನು ಲೆನ್ಸ್ ಹಿಡಿದಳು. ಹುಳವನ್ನು ಸ್ಪಿರಿಟ್ಟು ತುಂಬಿದ ಕಿರುಬೆರಳಿನಷ್ಟು ಕೊಳವೆಗೆ ಬಿಟ್ಟು, ಊರು, ಮನೆ, ಮನುಷ್ಯರ ನಂಬರು ಬರೆದು ಐಸ್ ಪೆಟ್ಟಿಗೆಯಲ್ಲಿ ಇಡುವುದು. ಆಮೇಲೆ ಮನೆಮಂದಿಗೆಲ್ಲ ಮುಲಾಮು ಕೊಟ್ಟು, ಕತ್ತಿನಿಂದ ಕಾಲಿನವರೆಗೆ ಹೇಗೆ ಹಚ್ಚಬೇಕೆಂದು ಹೇಳುವುದು. ಮೊದಲಿಗೆ ಒಪ್ಪಿಗೆ ಪತ್ರ ಓದಿ ಹೇಳಿ ಹೆಬ್ಬೆಟ್ಟು ಹಾಕಿಸುವವಳೂ ನಾನೇ. ಅದರಲ್ಲಿ ಒಂದು ಸಾಲಿತ್ತು: ಮಾದರಿ ತೆಗೆದ ದಿನವೇ ಚಿಕಿತ್ಸೆ ಕೊಡಲಾಗುವುದು. ಆ ಸಾಲನ್ನು ನಾನು ಎರಡು ಭಾಷೆಯಲ್ಲೂ ಒತ್ತಿ ಓದುತ್ತಿದ್ದೆ.

ಮುಖ್ಯಸ್ಥರು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಚಾಪೆ ಹಾಸಿದರೆ ಕೂರುವುದಿಲ್ಲ, ನೀರು ಕೊಟ್ಟರೆ ತಮ್ಮ ಬಾಟಲಿ ತೋರಿಸುತ್ತಾರೆ. ಬಾಗಿಲಲ್ಲೇ ನಿಂತು, "ಹೋಸ್ಟ್ ಎಲ್ಲಿ?" ಎನ್ನುತ್ತಾರೆ. ಹುಳ ಯಾರ ಮೈಯಲ್ಲಿ ಇದೆಯೋ ಅವರು ಹೋಸ್ಟ್. ಅವರ ಲೆಕ್ಕದಲ್ಲಿ ಹುಳಕ್ಕೆ ಜಾತಿ, ಹೆಸರು, ವಂಶ ಎಲ್ಲ ಇತ್ತು, ಹೆಂಗಸಿಗೆ ನಂಬರು.

ಮಾಲೂರು ಕಡೆಯ ಇಟ್ಟಿಗೆ ಗೂಡುಗಳಲ್ಲಿ ತೆಗೆದ ಮೊದಲ ಕಂತು ಚೆನ್ನಾಗಿ ಬಂತು. ಎರಡನೆಯದು ಹೋಳೂರು ಸುತ್ತಿನದು. ಒಂದು ತಿಂಗಳ ಕೆಲಸವಷ್ಟೂ ಕೆಟ್ಟುಹೋಯಿತು. ಕೊಳವೆಗಳಲ್ಲಿ ಏನೋ ಹಳದಿ ಸೇರಿಕೊಂಡು ಯಂತ್ರದ ಕೆಲಸವೇ ನಿಂತಿತಂತೆ. ಓದಲು ಸಿಕ್ಕ ಅಷ್ಟಿಷ್ಟರಲ್ಲಿ ಹುಳಕ್ಕಿಂತ ಗಿಡಮರಗಳ ಬರಹವೇ ಹೆಚ್ಚಿತ್ತಂತೆ. ಕೋಲಾರದ ಬಾಡಿಗೆ ಆಫೀಸಿನಲ್ಲಿ ಮುಖ್ಯಸ್ಥರು ಎಲ್ಲರೆದುರು, ಅಡುಗೆಮನೆ ಕೈಯಲ್ಲಿ ಲ್ಯಾಬಿನ ಕೆಲಸ ಮಾಡಿಸಿದರೆ ಹೀಗೇ ಆಗುವುದು ಎಂದರು. ನಾನು ಸಾಂಬಾರ್ ಕೈಯನ್ನೇ ಕೊಳವೆಗೆ ಅದ್ದಿದ್ದೇನೆ ಎಂಬ ಹಾಗೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆಯಿತು. ತಪ್ಪು ನನ್ನದೇ, ಆದರೆ ಅವರು ಹೇಳಿದ್ದಲ್ಲ. ಹೇಳದೆ ಕೇಳದೆ ಒಬ್ಬರ ಮನೆಗೆ ನುಗ್ಗಿ ಮೈ ತೋರಿಸಿ ಎನ್ನುವುದು ನಮ್ಮಲ್ಲಿ ಇಲ್ಲ. ಅದಕ್ಕೇ ಹೋಳೂರಿನ ಪ್ರತಿ ಮನೆಗೂ ಎರಡು ದಿನ ಮೊದಲು, ನಾಡಿದ್ದು ಬರುತ್ತೇವೆ ಎಂದು ಫೋನ್ ಮಾಡಿದ್ದೆ. ಡಾಕ್ಟರು ಬರುತ್ತಾರೆ ಎಂದರೆ ಯಾವ ಮನೆಯವರು ಕಜ್ಜಿಯನ್ನು ಹಾಗೇ ತೋರಿಸುತ್ತಾರೆ? ಬೇವು, ಅರಿಶಿನ ಅರೆದು ಮೆತ್ತಿ, ಹೊಂಗೆ ಎಣ್ಣೆ ಸವರಿ, ಬಿಸಿನೀರು ಹುಯ್ದು, ಮದುವಣಗಿತ್ತಿಯರ ಹಾಗೆ ಕೂರಿಸಿದ್ದರು. ಅರಿಶಿನದ ಕೈ ನೋಡಿ ಶುಭ ಎಂದುಕೊಂಡಿದ್ದೆ ನಾನು. ಮಾರನೆಯ ದಿನ ಹೋಗಿ ಒಪ್ಪಿಕೊಂಡೆ. ಇನ್ನು ಮುಂದೆ ಹೇಳದೆ ಹೋಗುವುದು ಎಂದು ತೀರ್ಮಾನವಾಯಿತು. ಮುಖ್ಯಸ್ಥರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೆಲಸದಿಂದ ತೆಗೆಯಲೂ ಇಲ್ಲ. ಆ ತಿಂಗಳಿಗೆ ಅಷ್ಟು ಸಾಕು ಎಂದು ಕುರುಡುಮಲೆಯ ಗಣಪನಿಗೆ ಗರಿಕೆ ಏರಿಸಿ ಬಂದೆ.

ಗೌನಿಪಲ್ಲಿ ಕಡೆಯ ಒಂದು ಮನೆಗೆ ಹೋದದ್ದೂ ಹೇಳದೆಯೇ. ಮಾವಿನ ಕಾಲ. ನಡುಮನೆಯಲ್ಲಿ ಅತ್ತೆ ಒಬ್ಬಳೇ ಕುಳಿತು ತನ್ನ ಅನ್ನ ತಾನೇ ಬೇಯಿಸಿಕೊಳ್ಳುತ್ತಿದ್ದಳು. ಮಗ ಶ್ರೀನಿವಾಸಪುರದ ಮಂಡಿಯಲ್ಲಿ ಮಾವು ಲೋಡು ಮಾಡುವವನು, ಅಲ್ಲೇ ಮಲಗುತ್ತಾನೆ ಎಂದಳು. ಸೊಸೆ ಎಲ್ಲಿ ಎಂದರೆ ತವರಿಗೆ ಹೋಗಿದ್ದಾಳೆ ಎಂದಳು. ಸೊಸೆ ಊರಿನ ಶಾಲೆಯ ಬಿಸಿಯೂಟದ ಅಡುಗೆಯವಳು ಎಂದು ಪಕ್ಕದ ಮನೆಯಲ್ಲಿ ಆಗಲೇ ಕೇಳಿದ್ದೆ. ಹಿತ್ತಲ ಕಡೆ ಕಾಯಿ ಹಣ್ಣಾಗಲು ಹುಲ್ಲು ಹಾಸುವ ಕೋಣೆಯೊಳಗಿನಿಂದ ಪರಪರ ಕೆರೆಯುವ ಸದ್ದು ಬರುತ್ತಿತ್ತು. ತವರುಮನೆ ಅಷ್ಟು ಹತ್ತಿರ.

ಬಾಗಿಲು ತೆಗೆಸಿದೆ. ಮೂವತ್ತು ದಾಟದ ಹೆಂಗಸು. ಎರಡು ಕೈಗಳೂ ಮೊಣಕೈವರೆಗೆ, ಮಳೆ ಕಾಣದ ಕೆರೆಯ ತಳದ ಹಾಗೆ ಬಿರಿದು, ಬೂದುಬಣ್ಣದ ಹಕ್ಕಳೆ ಕಟ್ಟಿದ್ದವು. ಬೆರಳು ಮಡಿಸಲು ಬರುತ್ತಿರಲಿಲ್ಲ. ಮೊದಲಿಗೆ ಸಣ್ಣ ಕಜ್ಜಿಯಂತೆ. ಮೆಡಿಕಲ್ ಶಾಪಿನವನು ಯಾವುದೋ ಟ್ಯೂಬು ಕೊಟ್ಟಿದ್ದಾನೆ. ಹಚ್ಚಿದಾಗ ತುರಿಕೆ ಇಳಿಯುವುದು, ಬಿಟ್ಟರೆ ಏರುವುದು. ಹಾಗೇ ಎಂಟು ತಿಂಗಳು ಹಚ್ಚಿದ್ದಾಳೆ. ಟ್ಯೂಬು ನೋಡಿದ ಸಂಶೋಧಕಿ, ಇದು ಸ್ಟಿರಾಯ್ಡು, ಚರ್ಮದ ಕಾವಲನ್ನು ಮಲಗಿಸಿ ಹುಳಕ್ಕೆ ಬಾಗಿಲು ತೆರೆದುಕೊಡುತ್ತದೆ ಎಂದಳು. ಕಜ್ಜಿ ಬಂದವರ ಮೈಯಲ್ಲಿ ಸಾಮಾನ್ಯವಾಗಿ ಹತ್ತು ಹನ್ನೆರಡು ಹುಳ ಸಿಕ್ಕರೆ ಹೆಚ್ಚು. ಇಂಥ ಹಕ್ಕಳೆಯಲ್ಲಿ ಸಾವಿರಾರು. ಒಂದು ಚೂರನ್ನು ಲೆನ್ಸಿನಡಿ ಇಟ್ಟು ನೋಡಿದೆ. ಇಡೀ ಚೂರು ಮಿಸುಕುತ್ತಿತ್ತು.

ಆಕೆ ಕೈ ಚಾಚಿಕೊಂಡೇ ಕೇಳಿದಳು, "ಅಕ್ಕಾ, ಶಾಲೆ ತೆಗೆಯೋದ್ರೊಳಗೆ ಹೋಗುತ್ತಾ ಇದು? ಜೂನ್ ಒಂದಕ್ಕೆ ನಾನು ಒಲೆ ಹತ್ತಿಸ್ಲಿಲ್ಲ ಅಂದ್ರೆ ಬೇರೆಯವರನ್ನ ಇಟ್ಕೋತಾರೆ."

ಎಷ್ಟು ನೋಯುತ್ತದೆ ಎಂದು ಆಕೆ ಕೇಳಲಿಲ್ಲ. ಕೇಳಿದ್ದು ಇದೊಂದೇ. ಹೋಗುತ್ತದಮ್ಮ ಎಂದೆ. ಒಪ್ಪಿಗೆ ಪತ್ರ ಓದಿ, ಆ ಸಾಲನ್ನು ಒತ್ತಿ ಹೇಳಿ, ಹಕ್ಕಳೆಯಿಲ್ಲದ ಒಂದು ಜಾಗ ಹುಡುಕಿ ಹೆಬ್ಬೆಟ್ಟು ಹಾಕಿಸಿದೆ.

ಸಂಶೋಧಕಿ ಫೋನ್ ಮಾಡಿದಾಗ ಮುಖ್ಯಸ್ಥರ ಖುಷಿ ಫೋನಿನಿಂದ ಹೊರಗೆ ಚೆಲ್ಲುತ್ತಿತ್ತು. ಇಂಥ ಹೋಸ್ಟ್ ಸಿಗುವುದು ಅದೃಷ್ಟವಂತೆ. ಒಂದೇ ಮೈಯಿಂದ ಅಷ್ಟು ಹುಳ ಸಿಕ್ಕರೆ ಜೀನೋಮನ್ನು ತುಂಡಿಲ್ಲದೆ ಓದಬಹುದಂತೆ. ಆದರೆ ಸ್ಪಿರಿಟ್ಟಿನಲ್ಲಿ ಹಾಕಬಾರದು, ಜೀವಂತ ಹುಳಗಳನ್ನು ತೆಗೆದ ಕೂಡಲೇ ದ್ರವ ಸಾರಜನಕದಲ್ಲಿ ಮುಳುಗಿಸಿ ಕಲ್ಲಾಗಿಸಬೇಕು. ಅದರ ಕ್ಯಾನು ಬೆಂಗಳೂರಿನಿಂದ ಬರಲು ಹತ್ತು ದಿನ. ಅಲ್ಲಿಯವರೆಗೆ ಮುಲಾಮು ಮುಟ್ಟಿಸಬೇಡಿ ಎಂದರು. ಪತ್ರದಲ್ಲಿ ಹೀಗೆ ಇದೆಯಲ್ಲ ಎಂದು ಸಂಶೋಧಕಿ ತಡವರಿಸಿದಾಗ ಅವರು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಮಾದರಿ ತೆಗೆದ ದಿನ ಚಿಕಿತ್ಸೆ ಅಂತ ತಾನೇ ಇರೋದು? ಮಾದರಿ ಹತ್ತು ದಿನ ಬಿಟ್ಟು ತೆಗೀರಿ."

ದೇವರ ಮುಂದೆ ನಿಂತು ಇಂಥ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ನೂರೊಂದು ತೆಂಗಿನಕಾಯಿ ಹರಕೆ ಹೊತ್ತು, ಕಾಯಿ ಎಂದೆನೇ ಹೊರತು ಎಷ್ಟು ದೊಡ್ಡದೆಂದು ಹೇಳಲಿಲ್ಲವಲ್ಲ ಎಂದು ಗೋಲಿಯಷ್ಟು ಎಳೆಗಾಯಿ ಆಯ್ದು ತರುವವರು. ಅವರಾದರೂ ದೇವರಿಗೆ ಹೆದರಿ ಕಾಯಿಯನ್ನಷ್ಟೇ ಸಣ್ಣದು ಮಾಡುತ್ತಾರೆ.

ಸಂಶೋಧಕಿ ಜಗಲಿಯ ಮೇಲೆ ತಲೆ ಹಿಡಿದು ಕುಳಿತಳು. ಅವಳ ಪದವಿಯೂ ಅವರ ಸಹಿಯ ಕೆಳಗಿತ್ತು. ಮುಲಾಮು ನನ್ನ ಚೀಲದಲ್ಲೇ ಇತ್ತು. ಹಚ್ಚಿಬಿಟ್ಟರೆ ಹುಳವೂ ಹೋಗುತ್ತದೆ, ಸಂಶೋಧಕಿಯ ಮೂರು ವರ್ಷದ ಓದೂ ಹೋಗುತ್ತದೆ. ಹಚ್ಚದಿದ್ದರೆ ಒಳಗಿನವಳಿಗೆ ಇನ್ನೂ ಹತ್ತು ದಿನ ಮಾವಿನ ಹುಲ್ಲಿನ ಕೋಣೆ. ಅಷ್ಟರೊಳಗೆ ಊರಿಗೆಷ್ಟು ಹರಡುತ್ತದೋ. ದ್ರವ ಸಾರಜನಕ ನೋಡಲು ಹೇಗಿರುತ್ತದಮ್ಮ ಎಂದು ಕೇಳಿದೆ. ಹೊಗೆಯಾಡುವ ನೀರಿನ ಹಾಗೆ ಆಂಟಿ, ಅಲ್ಯೂಮಿನಿಯಮ್ ಕ್ಯಾನು, ಕತ್ತು ಸಣ್ಣಗೆ, ಒಳಗೆ ಉದ್ದ ಹಿಡಿಯ ಲೋಟಗಳು ಎಂದಳು.

ನನಗೆ ನಗು ಬಂತು. ಆ ಕ್ಯಾನು ನಮ್ಮ ಜಿಲ್ಲೆಯಲ್ಲಿ ಹಾಲಿನ ಡೈರಿ ಇರುವ ಕಡೆಯೆಲ್ಲ ಓಡಾಡುತ್ತದೆ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ಹೋರಿಯ ವೀರ್ಯವನ್ನು ಕಡ್ಡಿಗಳಲ್ಲಿ ತುಂಬಿ ಅದರಲ್ಲೇ ಇಟ್ಟಿರುತ್ತಾರೆ. ನಮ್ಮ ಹಸು ಬೆದೆಗೆ ಬಂದಾಗಲೆಲ್ಲ ಬೈಕಿನ ಹಿಂದೆ ಕಟ್ಟಿಕೊಂಡು ಬರುವುದು, ಮುಚ್ಚಳ ತೆಗೆದರೆ ಹೊಗೆ ಹೊರಳುವುದು, ಎಷ್ಟು ಸಲ ನೋಡಿಲ್ಲ! ಹೋರಿಗೆ ಆಗುವುದು ಹುಳಕ್ಕೆ ಆಗುವುದಿಲ್ಲವೇ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದೇ ಬಿಟ್ಟಳು.

ಊರಿನ ಡೈರಿಯ ಬಳಿ ಆ ಕೆಲಸದವನೊಬ್ಬ ಸಿಕ್ಕಿದ. ವಿಷಯ ಕೇಳಿ ಎರಡು ಹೆಜ್ಜೆ ಹಿಂದಕ್ಕೆ ಸರಿದ.

"ಏನಮ್ಮಾ ನೀವು, ಹೋರಿ ಪಕ್ಕದಾಗ ಗಜ್ಜಿ ಹುಳ ಮಲಗಿಸ್ತೀರಾ? ನಾಳೆ ಹುಟ್ಟೋ ಕರು ಕೆರ್ಕೊಂಡು ನಿಂತ್ರೆ ರೈತರು ನನ್ನ ಬಿಡ್ತಾರಾ?"

ಆ ಚಳಿಗೆ ಹುಳ ಆ ಕ್ಷಣವೇ ಸಾಯುತ್ತದೆ, ಕೊಳವೆಗೆ ಬಿಗಿ ಮುಚ್ಚಳ ಇರುತ್ತದೆ, ಹುಳ ಕರುವಿನ ಗೊಡವೆಗೂ ಹೋಗುವುದಿಲ್ಲ ಎಂದು ಸಂಶೋಧಕಿ ತಾಳ್ಮೆಯಿಂದ ಹೇಳಿದಳು. ಕಡೆಗೆ, ಕಡ್ಡಿ ಮುಗಿದು ಸಾರಜನಕ ಮಾತ್ರ ಉಳಿದಿದ್ದ ಹಳೆಯ ಕ್ಯಾನೊಂದನ್ನು ಕೊಟ್ಟ. ಸಂಜೆಯೊಳಗೆ ಕೋಲಾರ ಮುಟ್ಟಿಸಬೇಕು, ಕತ್ತು ಓರೆ ಮಾಡಬಾರದು, ಒಳಗೆ ಕೈ ಹಾಕಬಾರದು ಎಂದು ಮೂರು ಮೂರು ಸಲ ಹೇಳಿ, ಹೊರಡುವಾಗ, ಆ ತಾಯಿಗೆ ವಾಸಿಯಾಗಲಿ ಎಂದ. ಯೋಜನೆಯ ಇಷ್ಟೂ ದಿನದಲ್ಲಿ ಕಜ್ಜಿ ಬಂದವರಿಗೆ ವಾಸಿಯಾಗಲಿ ಎಂದ ಗಂಡಸು ಅವನೊಬ್ಬನೇ.

ಮಧ್ಯಾಹ್ನವೆಲ್ಲ ಕೆಲಸ. ಹಕ್ಕಳೆಯನ್ನು ಮೊಂಡು ಬ್ಲೇಡಿನಿಂದ ರಕ್ತ ಬಾರದಂತೆ ಮೆಲ್ಲಗೆ ಎಬ್ಬಿಸಿ, ಕಪ್ಪು ಕಾಗದದ ಮೇಲೆ ಹರಡಿ, ಮೇಲೆ ದೀಪ ಹಿಡಿದೆವು. ಬಿಸಿ ತಾಗಿ ಹುಳಗಳು ಹಕ್ಕಳೆ ಬಿಟ್ಟು ಹರಿಯತೊಡಗಿದವು. ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಲ್ಲಿ ಒಂದೊಂದನ್ನೇ ಎತ್ತಿ ಕೊಳವೆಗೆ ಹಾಕಿದೆ. ಕೊಳವೆ ತುಂಬಿದ ಹಾಗೆ ಸಂಶೋಧಕಿ ಇಕ್ಕಳದಲ್ಲಿ ಹಿಡಿದು ಹೊಗೆಯೊಳಗೆ ಇಳಿಸಿದಳು. ನೂರರವರೆಗೆ ಎಣಿಸಿದೆ, ಮತ್ತೆ ಒಂದರಿಂದ. ಸಹಸ್ರನಾಮಕ್ಕೆ ಕುಂಕುಮ ಹಾಕುವಾಗಿನ ನಿಧಾನ ಆ ದಿನ ಉಪಯೋಗಕ್ಕೆ ಬಂತು. ಸೊಸೆ ಕೈಚಾಚಿ ಕುಳಿತವಳು ತೂಕಡಿಸಿದಳು. ಯಾರಾದರೂ ಅವಳ ಕೈ ಹಿಡಿದು ಎಷ್ಟು ದಿನವಾಗಿತ್ತೋ.

ಕ್ಯಾನು ಜೀಪು ಹತ್ತಿದ ಮೇಲೆ ಮುಲಾಮು ತೆಗೆದೆ. ಮಗನನ್ನು ಮಂಡಿಯಿಂದ ಕರೆಸಿದ್ದಾಗಿತ್ತು, ಅವನು ತಕರಾರಿಲ್ಲದೆ ಹಚ್ಚಿಕೊಂಡ. ಅತ್ತೆ ಮಾತ್ರ ಕಂಬ ಹಿಡಿದು ನಿಂತಳು.

"ನಾಕೇಮೀ ಲೇದಮ್ಮಾ. ನನಗೇನೂ ಇಲ್ಲ. ಗಜ್ಜಿ ಅವಳದು, ಮುಲಾಮು ನಾನ್ಯಾಕೆ ಹಚ್ಕೋಬೇಕು?"

ಆಗ ನನಗೆ ಮಾಲೂರಿನಿಂದ ಹಿಡಿದು ಇಲ್ಲಿಯವರೆಗಿನ ಮನೆಗಳೆಲ್ಲ ನೆನಪಾದವು. ಪ್ರತಿ ಮನೆಯಲ್ಲೂ ಹೀಗೆ ಒಬ್ಬರು ನಿಂತಿದ್ದರು. ಮರ್ಯಾದೆಗೆ ಕಡಿಮೆಯೆಂದು ಒಬ್ಬರು ಹಚ್ಚಿಕೊಳ್ಳದೆ ಉಳಿದರೆ ಹುಳಕ್ಕೆ ಅಷ್ಟೇ ಸಾಕು, ಅವರ ಮೈಯಲ್ಲಿ ಹದಿನೈದು ದಿನ ಇದ್ದು ಮತ್ತೆ ಎಲ್ಲರಿಗೂ ಬರುತ್ತದೆ. ಮುಲಾಮು ಯಾಕೆ ಕೆಲಸ ಮಾಡುತ್ತಿಲ್ಲ ಎಂದು ಹುಳದ ಹೊಟ್ಟೆ ಬಗೆದು ಓದುತ್ತಿದ್ದ ದೊಡ್ಡವರಲ್ಲಿ ಒಬ್ಬರೂ ಬಾಗಿಲು ದಾಟಿ ಈ ಅತ್ತೆಯಂದಿರನ್ನು ನೋಡಿರಲಿಲ್ಲ. ಹುಳವೂ ಬದಲಾಗಿರಬಹುದು ಎಂದು ಸಂಶೋಧಕಿ ಆಮೇಲೆ ಹೇಳಿದಳು. ಇರಬಹುದು, ನಾನು ಓದಿದವಳಲ್ಲ. ಅತ್ತೆಯ ಸೆರಗು ಸರಿಸಿ ಸೊಂಟಕ್ಕೆ ಇಂಕು ಸವರಿ ಒರೆಸಿದೆ. ನಾಲ್ಕು ಗೆರೆ ನಿಂತವು. ಕನ್ನಡಿ ಹಿಡಿದು ತೋರಿಸಿದೆ. ಅವಳು ಮುಲಾಮಿಗೆ ಕೈ ಚಾಚಿದಳು.

ಮಾರನೆಯ ದಿನ ಸೊಸೆಯನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುಲಾಮೊಂದೇ ಸಾಲದೆಂದು ನುಂಗುವ ಮಾತ್ರೆ, ಹಕ್ಕಳೆ ಕರಗಿಸುವ ಇನ್ನೊಂದು ಮುಲಾಮು ಕೊಟ್ಟು, ಯಾವ ಯಾವ ದಿನ ಮತ್ತೆ ಬರಬೇಕೆಂದು ಚೀಟಿಯಲ್ಲಿ ಬರೆದರು. ಆಸ್ಪತ್ರೆಯ ಬಾಗಿಲಲ್ಲೇ ಮುಖ್ಯಸ್ಥರ ಫೋನು ಬಂತು. ಹೋರಿಯ ಕ್ಯಾನಿನಲ್ಲಿ ಅಂತರರಾಷ್ಟ್ರೀಯ ಮಾದರಿ ತಂದಿದ್ದೀರಿ, ನಿಮ್ಮನ್ನು ಇಟ್ಟುಕೊಂಡದ್ದೇ ತಪ್ಪು, ನಾಳೆಯಿಂದ ಬರಬೇಡಿ ಎಂದರು.

"ಸರಿ ಸಾರ್, ಬರಲ್ಲ. ಒಪ್ಪಿಗೆ ಪತ್ರದ ನಕಲು ನನ್ನ ಹತ್ರ ಇದೆ, ಇಟ್ಕೊಂಡಿರ್ತೀನಿ," ಎಂದೆ.

ಅವರು ಫೋನು ಇಟ್ಟರು. ಎರಡು ವಾರಕ್ಕೆ ಸಂಶೋಧಕಿ ಹೇಳಿದಳು: ಆ ಕ್ಯಾನಿನ ಹುಳಗಳ ಬರಹದಷ್ಟು ಉದ್ದನೆಯದು, ತುಂಡಿಲ್ಲದ್ದು ಯೋಜನೆಗೆ ಇನ್ನೊಂದು ಸಿಕ್ಕಿಲ್ಲ. ಕೋಲಾರದ ಸಭೆಯಲ್ಲಿ ಮುಖ್ಯಸ್ಥರು ಹೈನುಗಾರಿಕೆಯ ಕ್ಯಾನನ್ನು ಬಳಸಿಕೊಳ್ಳುವ ತಮ್ಮ ಹೊಸ ವಿಧಾನವನ್ನು ಚಿತ್ರ ಸಮೇತ ವಿವರಿಸಿದರಂತೆ. ವಿವರಿಸಿಕೊಳ್ಳಲಿ. ಅವಳ ಪದವಿ ಉಳಿಯಿತು, ಅದು ನನಗೆ ಸಾಕು.

ಮೇ ಕೊನೆಯ ವಾರ ನಾನು ನನ್ನಷ್ಟಕ್ಕೆ ಬಸ್ಸು ಹತ್ತಿ ಗೌನಿಪಲ್ಲಿ ಕಡೆ ಹೋದೆ. ದಾರಿಯಲ್ಲಿ ಶಾಲೆಯ ಹೆಡ್ಮಾಸ್ಟರಿಗೆ ಡಾಕ್ಟರ ಚೀಟಿ ತೋರಿಸಿದೆ. ಅವರು ಓದಿ, ಚೀಟಿ ಸರಿಯಮ್ಮ, ಆದರೆ ಮನೆಯಲ್ಲಿ ಅವಳ ಅತ್ತೆಯೇ ಇನ್ನೂ ಅವಳ ಕೈಯಡುಗೆ ಉಣ್ಣುವುದಿಲ್ಲವಂತೆ, ನಾನು ಊರ ಮಕ್ಕಳಿಗೆ ಹೇಗೆ ಬಡಿಸಲಿ ಎಂದರು. ಇಂಥ ಘನ ಆಡಳಿತ.

ಸೊಸೆಯ ಕೈಗಳನ್ನು ಲೆನ್ಸಿನಲ್ಲಿ ಸಂದಿ ಸಂದಿ ನೋಡಿದೆ. ಬಿಲವಿಲ್ಲ, ಹಕ್ಕಳೆಯಿಲ್ಲ. ಹೊಸ ತೊಗಲು ಎಳೆಗೂಸಿನದರ ಹಾಗೆ ಗುಲಾಬಿ ಬಣ್ಣಕ್ಕಿತ್ತು. ಅವಳು ಒಳಗೆ ಹೋಗಿ, ಒದ್ದೆಗೈಯಲ್ಲಿ ಬಿಸಿ ಮುದ್ದೆ ತಿರುವಿ, ತಟ್ಟೆಯಲ್ಲಿಟ್ಟು, ಉಪ್ಪುಸಾರು ಬಿಟ್ಟು ತಂದು ನನ್ನ ಮುಂದೆ ಇಟ್ಟಳು. ಅತ್ತೆ ಕಂಬಕ್ಕೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸೊಸೆ ತಟ್ಟೆಯನ್ನು ನೋಡುತ್ತಿದ್ದಳು.

ಅಂದು ಸಂಕಷ್ಟಿ. ಮದುವೆಯಾದಾಗಿನಿಂದ ಒಂದು ತಿಂಗಳೂ ಬಿಡದೆ ಹಿಡಿದ ಉಪವಾಸ. ಚಂದ್ರ ಮೂಡುವವರೆಗೆ ನೀರು ಬಿಟ್ಟು ಬೇರೇನೂ ಮುಟ್ಟಿದವಳಲ್ಲ. ಹಾಗೆಂದು ಹೇಳಿದರೆ ಇಬ್ಬರೂ ನಂಬುವುದಿಲ್ಲ ಎಂದು ಗೊತ್ತಿತ್ತು. ಗಣಪ ಒಂದು ತಿಂಗಳು ಕಾಯುತ್ತಾನೆ, ಶಾಲೆ ಕಾಯುವುದಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದೆ. ಇನ್ನೊಂದು ತುತ್ತು. ಇನ್ನೊಂದು ಅರ್ಧ ಹಾಕಮ್ಮ ಎಂದೆ.

ಅತ್ತೆ ಕಂಬ ಬಿಟ್ಟು ಒಲೆಯ ಹತ್ತಿರ ಹೋದಳು. ಪಾತ್ರೆಯಿಂದ ಸಾರನ್ನು ಸೌಟಿನಲ್ಲಿ ತೆಗೆದು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

"ಉಪ್ಪು ಸಾಲದು ಕಣೇ. ಶಾಲೇಲೂ ಹಿಂಗೇನಾ ಮಾಡೋದು ನೀನು?"

"ಹಾಕ್ತೀನಿ ಅತ್ತೆ," ಎಂದು ಸೊಸೆ ಎದ್ದಳು.

ಉಪ್ಪು ಸರಿಯಾಗಿಯೇ ಇತ್ತು. ನಾನು ಉಳಿದ ಮುದ್ದೆ ಮುಗಿಸಿದೆ.